ಸ್ಕ್ರಿಪ್ಟ್ ಹಸಿರು ತೋರಿಸಿದರೆ ನಂಬಬಹುದಾ?

ಪ್ರಶ್ನೆ: ನಾನು ಸಿಸ್ಟಮ್ ಅಡ್ಮಿನ್. 14 ಲಿನಕ್ಸ್ ಸರ್ವರ್, 2 ವಿಂಡೋಸ್ ಸರ್ವರ್ ನೋಡಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಒಂದು ಬ್ಯಾಶ್ ಸ್ಕ್ರಿಪ್ಟ್ (ಸಾಲಾಗಿ ಬರೆದಿಟ್ಟ ಕಮಾಂಡುಗಳು) ಓಡಿಸುತ್ತೇನೆ. ಅದು ಎಸ್‌ಎಸ್‌ಎಚ್ ಮೂಲಕ ಒಂದೊಂದೇ ಲಿನಕ್ಸ್ ಸರ್ವರ್‌ಗೆ ಹೋಗಿ, ಯಾವ ಸರ್ವಿಸ್ ನಡೆಯುತ್ತಿದೆ, ಡಿಸ್ಕ್ ಎಷ್ಟು ತುಂಬಿದೆ ಅಂತ ಪಟ್ಟಿ ಕೊಡುತ್ತದೆ. ಸುಮಾರು 60 ಸಾಲು, ಎಲ್ಲಾ ಬಿಳಿ. ನಿಂತುಹೋದ ಸರ್ವಿಸ್ ಕಣ್ಣಿಗೆ ಬೀಳುವುದೇ ಇಲ್ಲ. ಸರಿ ಇದ್ದರೆ ಹಸಿರು, ಎಚ್ಚರಿಕೆಗೆ ಹಳದಿ, ಕೆಟ್ಟಿದ್ದರೆ ಕೆಂಪು ಬರಬೇಕು. ಪ್ರಿಂಟ್ ಮಾಡುವ ಎಕೋ ಕಮಾಂಡ್ ಹಾಕಿ ನೋಡಿದೆ. ಒಮ್ಮೆ ಬಣ್ಣದ ಬದಲು ಕೋಡೇ ಪ್ರಿಂಟ್ ಆಯಿತು. ಇನ್ನೊಮ್ಮೆ ಬಣ್ಣ ಬಂತು, ಆದರೆ ಕಾಲಂಗಳೆಲ್ಲ ಸೊಟ್ಟ. ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟನ್ನು ತಾನೇ ಓಡಿಸುವ ಕ್ರಾನ್‌ನಿಂದ ಬರುವ ಮೇಲ್‌ನಲ್ಲಂತೂ ಬರೀ ಕಸ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಹೇಳಿದ ಮೂರೂ ತೊಂದರೆಗೆ ಮದ್ದು ಸುಲಭ. ನೀವು ಕೇಳದೇ ಇರುವ ನಾಲ್ಕನೆಯದೊಂದಿದೆ, ಅದೇ ನಿಜವಾದ ತಲೆನೋವು. ಅದಕ್ಕೆ ಆಮೇಲೆ ಬರುತ್ತೇನೆ. ಒಂದು ಮಾತು: ಕಮಾಂಡುಗಳನ್ನು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಹಾಕಿಕೊಳ್ಳಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಟರ್ಮಿನಲ್‌ಗೆ ಬಣ್ಣ ಅಂತ ಬೇರೆ ದಾರಿ ಇಲ್ಲ. ನಿಮ್ಮ ಅಕ್ಷರಗಳ ಜೊತೆಯಲ್ಲೇ ಒಂದು ಗುಟ್ಟಿನ ಸಂಕೇತ ಹೋಗುತ್ತದೆ ಅಷ್ಟೆ. ಮೊದಲು ಎಸ್ಕೇಪ್ ಅನ್ನುವ ಕಾಣದ ಅಕ್ಷರ. ಅದರ ಸಂಖ್ಯೆ 27, ಆಕ್ಟಲ್‌ನಲ್ಲಿ 033. ಆಮೇಲೆ ಒಂದು ಚೌಕ ಬ್ರಾಕೆಟ್, ಒಂದು ನಂಬರ್, ಕೊನೆಗೆ ಎಂ ಅಕ್ಷರ. ಕೆಂಪಿಗೆ \033[31ಎಂ. ಹಸಿರಿಗೆ 32, ಹಳದಿಗೆ 33, ನೇರಳೆಗೆ 35. ಬಣ್ಣ ಸಾಕು, ಮೊದಲಿನ ಹಾಗೆ ಆಗು ಅನ್ನುವುದಕ್ಕೆ 0. ಈ 0 ಮರೆತರೆ ನಿಮ್ಮ ಸ್ಕ್ರಿಪ್ಟ್ ಮುಗಿದ ಮೇಲೂ ಟರ್ಮಿನಲ್ ಕೆಂಪಾಗೇ ಕೂತಿರುತ್ತದೆ.

ಈ ಸಂಕೇತಗಳು ಹಳೇ ಕಾಲದವು. ಇಸಿಎಂಎ-48 ಅನ್ನುವ ಮಾನದಂಡ ಮೊದಲು ಬಂದದ್ದು 1976ರಲ್ಲಿ. ಇದನ್ನು ಮನೆಮಾತು ಮಾಡಿದ್ದು 1978ರ ವಿಟಿ100 ಟರ್ಮಿನಲ್. ತಮಾಷೆ ಏನೆಂದರೆ ಆ ವಿಟಿ100ಗೆ ಬಣ್ಣವೇ ಇರಲಿಲ್ಲ!

ಈಗ ನಿಮ್ಮ ಮೊದಲ ತೊಂದರೆ. ಬ್ಯಾಶ್‌ನ ಎಕೋ, ಸುಮ್ನೆ ಕೊಟ್ಟರೆ \033 ಅನ್ನುವುದನ್ನು ಎಸ್ಕೇಪ್ ಅಂತ ಓದುವುದಿಲ್ಲ. ಇದ್ದದ್ದು ಇದ್ದ ಹಾಗೆ ಪ್ರಿಂಟ್ ಮಾಡುತ್ತದೆ. ಮೈನಸ್ ಇ ಕೊಟ್ಟರೆ ಓದುತ್ತದೆ. ಹಾಗಂತ ಮೈನಸ್ ಇ ಹಾಕಿಬಿಟ್ಟು ಕೂರಬೇಡಿ. ಉಬುಂಟುವಿನಲ್ಲಿ 2006ರಿಂದ, ಡೆಬಿಯನ್‌ನಲ್ಲಿ 2011ರಿಂದ ಬಿನ್ ಫೋಲ್ಡರಿನ ಎಸ್‌ಎಚ್ ಅಂದರೆ ಬ್ಯಾಶ್ ಅಲ್ಲ, ಡ್ಯಾಶ್ ಅನ್ನುವ ಬೇರೊಂದು ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ). ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಬದಲು ಎಸ್‌ಎಚ್ ಅಂತ ಇದ್ದರೆ, ಡ್ಯಾಶ್‌ನ ಎಕೋ ಆ ಮೈನಸ್ ಇ ಯನ್ನೂ ಸಾಲಿನ ಮುಂದೆ ನಿಷ್ಠೆಯಿಂದ ಪ್ರಿಂಟ್ ಮಾಡಿ ಕೊಡುತ್ತದೆ. ಎಕೋ ಬಿಟ್ಟುಬಿಡಿ. ಪ್ರಿಂಟ್‌ಎಫ್ ಹಿಡಿಯಿರಿ, ಎಲ್ಲ ಕಡೆ ಒಂದೇ ಥರ ನಡೆಯುತ್ತದೆ. \ಇ ಅಂತ ಚಿಕ್ಕದಾಗಿ ಬರೆಯುವ ಅಭ್ಯಾಸವೂ ಬೇಡ, ಅದು ಬ್ಯಾಶ್‌ನಲ್ಲಿ ನಡೆದೀತು, ಡ್ಯಾಶ್‌ನಲ್ಲಿ ನಡೆಯುವುದಿಲ್ಲ. \033 ಅಂತಲೇ ಬರೆಯಿರಿ.

ಎರಡನೆಯದು ಕಾಲಂ ಸೊಟ್ಟ ಆಗುವುದು. ಇದು ಚೆನ್ನಾದ ಗಂಟು, ನಿಧಾನಕ್ಕೆ ಬಿಡಿಸೋಣ.

ನೀವು ಸ್ಟೇಟಸ್ ಕಾಲಂಗೆ %-10ಎಸ್ ಅಂತ ಕೊಟ್ಟಿರುತ್ತೀರಿ. ಅಂದರೆ 10 ಅಕ್ಷರದ ಜಾಗ ಹಿಡಿ, ಪದ ಚಿಕ್ಕದಿದ್ದರೆ ಉಳಿದದ್ದಕ್ಕೆ ಖಾಲಿ ತುಂಬು ಅಂತ. ಓಕೆ ಅನ್ನುವುದು ಇಂಗ್ಲಿಷಿನಲ್ಲಿ 2 ಅಕ್ಷರ, ಹಾಗಾಗಿ 8 ಖಾಲಿ ಬರಬೇಕು. ಆದರೆ ನೀವು ಪದಕ್ಕೆ ಮೊದಲೇ ಬಣ್ಣ ಹಚ್ಚಿ ಆಮೇಲೆ ಪ್ರಿಂಟ್‌ಎಫ್‌ಗೆ ಕೊಟ್ಟಿದ್ದೀರಿ. ಹಸಿರಿನ ಸಂಕೇತ 5 ಅಕ್ಷರ: ಎಸ್ಕೇಪ್, ಬ್ರಾಕೆಟ್, 3, 2, ಎಂ. ಕೊನೆಗೆ ಬಣ್ಣ ಬಿಡಿಸುವ ಆ 0ರ ಸಂಕೇತ, ಬಿಡುಗಡೆ ಸಂಕೇತ ಅನ್ನೋಣ, 4. ಒಟ್ಟು 9. ಅದಕ್ಕೆ ಓಕೆಯ 2 ಸೇರಿದರೆ 11. ಪ್ರಿಂಟ್‌ಎಫ್‌ಗೆ ಬಣ್ಣ ಗೊತ್ತಿಲ್ಲ, ಎಣಿಸುವುದಷ್ಟೇ ಗೊತ್ತು. 10 ಕೇಳಿದ್ದರು, 11 ಇದೆ, ಇನ್ನು ತುಂಬುವುದೇನು ಅಂತ ಒಂದೂ ಖಾಲಿ ಹಾಕುವುದಿಲ್ಲ. ಕಣ್ಣಿಗೆ ಕಾಣುವುದು 2 ಅಕ್ಷರ, ಅದರ ಬೆನ್ನಿಗೇ ಮುಂದಿನ ಕಾಲಂ ಅಂಟಿಕೊಳ್ಳುತ್ತದೆ.

ಬಣ್ಣವನ್ನು ಅಳತೆಯಿಂದ ಹೊರಗಿಡಿ. ಫಾರ್ಮ್ಯಾಟ್‌ನಲ್ಲಿ ಮೂರು ಜಾಗ ಮಾಡಿ: %ಎಸ್, %-10ಎಸ್, %ಎಸ್. ಮೊದಲನೆಯದಕ್ಕೆ ಬಣ್ಣ, ನಡುವಿನದಕ್ಕೆ ಬೋಳು ಪದ, ಕೊನೆಯದಕ್ಕೆ ಬಿಡುಗಡೆ ಸಂಕೇತ. ಈಗ 10ರ ಲೆಕ್ಕ ಪದಕ್ಕೆ ಮಾತ್ರ. ಹೀಗೆ ಆರ್ಗ್ಯುಮೆಂಟ್ ಆಗಿ ಕಳಿಸುವಾಗ %ಎಸ್ ನಿಮ್ಮ \033 ಅನ್ನು ಬಿಡಿಸಿ ಓದುವುದಿಲ್ಲ, ನೆನಪಿರಲಿ. ಬಣ್ಣದ ವೇರಿಯಬಲ್ ತುಂಬುವಾಗಲೇ ಡಾಲರ್ ಹಾಕಿ ಸಿಂಗಲ್ ಕೋಟ್‌ನಲ್ಲಿ, $'\033[32ಎಂ' ಅಂತ ಬರೆದರೆ ಬ್ಯಾಶ್ ಅಲ್ಲೇ ನಿಜವಾದ ಎಸ್ಕೇಪ್ ಮಾಡಿಟ್ಟುಕೊಳ್ಳುತ್ತದೆ.

ಸ್ಟೇಟಸ್ ಪದವನ್ನು ಕನ್ನಡದಲ್ಲೇ ತೋರಿಸೋಣ ಅಂತ ಆಸೆ ಆಗಬಹುದು. ನನಗೂ ಆಗಿತ್ತು. "ಸರಿ", "ವಿಫಲ" ಅಂತ ಹಾಕಿ ನೋಡಿದೆ. ಕಂಪ್ಯೂಟರ್ ಅಕ್ಷರ ಬರೆದಿಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. "ಸರಿ" ಅಂದರೆ ಸ, ರ, ಗುಡಿಸು: 9 ಬೈಟ್. "ವಿಫಲ" 12 ಬೈಟ್. ಬಳಕೆಯಲ್ಲಿರುವ ಬಹುಪಾಲು ಬ್ಯಾಶ್‌ಗಳ ಪ್ರಿಂಟ್‌ಎಫ್ ಎಣಿಸುವುದು ಬೈಟನ್ನು. ಹಾಗಾಗಿ 10ರ ಜಾಗದಲ್ಲಿ "ಸರಿ"ಗೆ ಒಂದು ಖಾಲಿ ಬಂತು, "ವಿಫಲ"ಕ್ಕೆ ಅದೂ ಇಲ್ಲ. ಅದರ ಮೇಲೆ ಒತ್ತಕ್ಷರಕ್ಕೆ ಎಷ್ಟು ಅಗಲ ಕೊಡಬೇಕು ಅನ್ನುವುದರಲ್ಲಿ ಟರ್ಮಿನಲ್‌ಗಳಿಗೇ ಒಮ್ಮತ ಇಲ್ಲ. ಕನ್ನಡ ಬೇಕೇ ಬೇಕು ಅಂದರೆ ಸಾಲಿನ ಕೊನೆಯ ಕಾಲಂನಲ್ಲಿ ಹಾಕಿ. ಅದರ ಆಚೆ ಸೊಟ್ಟ ಆಗಲು ಏನೂ ಉಳಿದಿರುವುದಿಲ್ಲ.

ಮೂರನೆಯದು ಕ್ರಾನ್ ಮೇಲ್‌ನ ಕಸ. ಸಂಕೇತವನ್ನು ಬಣ್ಣವಾಗಿ ತಿರುಗಿಸುವುದು ಟರ್ಮಿನಲ್. ಮೇಲ್‌ಗೆ, ಲಾಗ್ ಫೈಲ್‌ಗೆ ಆ ವಿದ್ಯೆ ಗೊತ್ತಿಲ್ಲ. ಅಲ್ಲಿ ಅದು ಬ್ರಾಕೆಟ್ಟು ನಂಬರ್ರುಗಳ ರಾಶಿ. ಆದ್ದರಿಂದ ಸ್ಕ್ರಿಪ್ಟ್ ಮೊದಲು ಕೇಳಿಕೊಳ್ಳಬೇಕು: ಎದುರಿಗೆ ಮನುಷ್ಯ ಕೂತಿದ್ದಾನಾ, ಇಲ್ಲ ನನ್ನ ಮಾತು ಫೈಲಿಗೆ ಹೋಗುತ್ತಿದೆಯಾ? ಇಫ್ ಒಳಗೆ ಚೌಕ ಬ್ರಾಕೆಟ್‌ನಲ್ಲಿ ಮೈನಸ್ ಟಿ 1 ಅಂತ ಬರೆದರೆ ಅದೇ ಪ್ರಶ್ನೆ. ಸ್ಟ್ಯಾಂಡರ್ಡ್ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಹೌದು. ಹೌದಾದರೆ ಬಣ್ಣದ ವೇರಿಯಬಲ್‌ಗಳನ್ನು ತುಂಬಿ. ಇಲ್ಲದಿದ್ದರೆ ಎಲ್ಲವನ್ನೂ ಖಾಲಿ ಬಿಡಿ. ಆಮೇಲಿನ ಪ್ರಿಂಟ್‌ಎಫ್ ಸಾಲುಗಳನ್ನು ಮುಟ್ಟುವುದೇ ಬೇಡ, ಖಾಲಿ ವೇರಿಯಬಲ್ ಖಾಲಿಯಾಗೇ ಪ್ರಿಂಟ್ ಆಗುತ್ತದೆ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದು ಎದ್ದಿದ್ದೇನೆ. ಈ ಪರೀಕ್ಷೆಯನ್ನು ಒಂದು ಫಂಕ್ಷನ್ ಒಳಗಿಟ್ಟು, ಆ ಫಂಕ್ಷನ್ನನ್ನು ಡಾಲರ್ ಬ್ರಾಕೆಟ್, ಅಂದರೆ $( ) ಒಳಗೆ ಕರೆದರೆ ಉತ್ತರ ಯಾವಾಗಲೂ ಇಲ್ಲ ಅಂತಲೇ ಬರುತ್ತದೆ. ಯಾಕೆಂದರೆ ಅಲ್ಲಿ ಔಟ್‌ಪುಟ್ ಪೈಪ್‌ಗೆ (ಒಂದರ ಮಾತನ್ನು ಇನ್ನೊಂದಕ್ಕೆ ಸಾಗಿಸುವ ಕೊಳವೆಗೆ) ಹೋಗುತ್ತಿರುತ್ತದೆ, ಟರ್ಮಿನಲ್‌ಗಲ್ಲ. ಅರ್ಧ ದಿನ ಬಣ್ಣ ಯಾಕೆ ಬರುತ್ತಿಲ್ಲ ಅಂತ ತಲೆ ಕೆರೆದುಕೊಂಡಿದ್ದೆ. ಪರೀಕ್ಷೆ ಸ್ಕ್ರಿಪ್ಟಿನ ತಲೆಯಲ್ಲೇ, ಒಂದೇ ಸಲ ಆಗಲಿ.

ಅಲ್ಲೇ ಇನ್ನೊಂದು ಮರ್ಯಾದೆ ಪಾಲಿಸಿ. ನೋ, ಅಂಡರ್‌ಸ್ಕೋರ್, ಕಲರ್, ಎಲ್ಲ ದೊಡ್ಡಕ್ಷರ: ಈ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಏನಾದರೂ ಇದ್ದರೆ ಬಣ್ಣ ಬೇಡ ಅಂತ ಅರ್ಥ. 2017ರಿಂದ ಬೆಳೆದು ಬಂದ ರೂಢಿ, ಈಗ ಬಹಳ ಟೂಲ್‌ಗಳು ಒಪ್ಪಿಕೊಂಡಿವೆ. ಟೀಪುಟ್ ಬಳಸುವ ಪದ್ಧತಿಯೂ ಇದೆ. ಟರ್ಮಿನಲ್‌ನ ಜಾತಕ ನೋಡಿ ತಕ್ಕ ಸಂಕೇತ ಕೊಡುತ್ತದೆ. ಒಳ್ಳೆಯದೇ, ಆದರೆ ಕ್ರಾನ್‌ನಲ್ಲಿ ಟರ್ಮ್ ವೇರಿಯಬಲ್ ಇಲ್ಲದಿದ್ದರೆ ಅದೇ ಒಂದು ಎರರ್ ಕೊಡುತ್ತದೆ. ನಿಮ್ಮ ಕೆಲಸಕ್ಕೆ ನೇರ ಸಂಕೇತವೇ ಸಾಕು. ಉಳಿಸಿಟ್ಟ ಬಣ್ಣದ ಔಟ್‌ಪುಟ್ಟನ್ನು ಫೈಲ್ ಓದುವ ಲೆಸ್‌ ಕಮಾಂಡಿನಲ್ಲಿ ನೋಡುವಾಗ ಮೈನಸ್ ದೊಡ್ಡ ಆರ್ ಕೊಡಿ.

ಹೂಂ, ಈಗ ನಾಲ್ಕನೆಯದು. ಸ್ಟೇಟಸ್ಸೇ ತಪ್ಪಾಗಿದ್ದರೆ?

ಬಿಳಿ ಪಟ್ಟಿ ಇದ್ದಾಗ ನೀವು ಸಾಲು ಸಾಲು ಓದುತ್ತಿದ್ದಿರಿ. ಬೇಜಾರಾದರೂ ಓದುತ್ತಿದ್ದಿರಿ. ಹಸಿರು ಬಂದ ದಿನದಿಂದ ಓದುವುದು ನಿಲ್ಲುತ್ತದೆ. ಹಸಿರು ಕಂಡರೆ ಕಾಫಿಗೆ ಎದ್ದು ಹೋಗುತ್ತೀರಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ನಾನೇ ಬರೆದಿದ್ದೆ. ಫೈಲ್‌ಗಳನ್ನೆಲ್ಲ ಒಂದೇ ಆರ್ಕೈವ್ ಮಾಡುವ ಟಾರ್ ಓಡಿಸಿ, ಅದರ ಮಾತನ್ನು ಪೈಪ್ ಹಾಕಿ ಟೀಗೆ ಕೊಟ್ಟು, ಸ್ಕ್ರೀನಿಗೂ ಲಾಗ್‌ಗೂ ಕಳಿಸುತ್ತಿದ್ದೆ. ಮುಂದಿನ ಸಾಲಿನಲ್ಲಿ $? (ಹಿಂದಿನ ಕಮಾಂಡಿನ ಎಕ್ಸಿಟ್ ಕೋಡ್, ಅಂದರೆ ಅದು ಹೇಗೆ ಮುಗಿಯಿತು ಅನ್ನುವ ನಂಬರ್; 0 ಅಂದರೆ ಸರಿ) ನೋಡಿ, 0 ಇದ್ದರೆ ಹಸಿರಿನಲ್ಲಿ "ಬ್ಯಾಕಪ್ ಮುಗಿಯಿತು". ದಿನಾ ಹಸಿರು. ಒಂದು ದಿನ ಒಬ್ಬರು ಬಂದು, "ಸಾರ್, ಹೋದ ವಾರದ ಒಂದು ಫೈಲ್ ಬೇಕಿತ್ತು" ಅಂದರು. ಆರ್ಕೈವ್ ತೆಗೆದರೆ ಅರ್ಧಕ್ಕೇ ಕತ್ತರಿಸಿಕೊಂಡಿದೆ. ಬ್ಯಾಕಪ್ ಡಿಸ್ಕ್ ತುಂಬಿ ದಿನಗಳಾಗಿದ್ದವು. ಟಾರ್ ಪ್ರತಿ ರಾತ್ರಿ ಜಾಗ ಇಲ್ಲ ಅಂತ ಅರಚಿಕೊಂಡೇ ಇತ್ತು, ಲಾಗ್‌ನಲ್ಲಿ ಎಲ್ಲಾ ಬರೆದಿತ್ತು. ಅಷ್ಟು ಚೆಂದದ ಹಸಿರು ಸಾಲು ಕೆಳಗಿರುವಾಗ ಲಾಗ್ ಓದುವವರು ಯಾರು?

ಕಾರಣ ಇಷ್ಟೇ. ಪೈಪ್‌ನಲ್ಲಿ $? ಹೇಳುವುದು ಕೊನೆಯ ಕಮಾಂಡಿನ ಕತೆಯನ್ನು. ನನಗೆ ಸಿಗುತ್ತಿದ್ದದ್ದು ಟೀಯ ಎಕ್ಸಿಟ್ ಕೋಡ್. ಟಾರ್ ಸತ್ತರೂ ಟೀ ತನ್ನ ಕೆಲಸ ಮುಗಿಸಿ ಆರಾಮಾಗಿ 0 ಕೊಡುತ್ತಿತ್ತು. ಸ್ಕ್ರಿಪ್ಟಿನ ಮೇಲೆ ಸೆಟ್ ಮೈನಸ್ ಓ ಪೈಪ್‌ಫೇಲ್ ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು. ಪೈಪ್‌ನಲ್ಲಿ ಯಾರು ಬಿದ್ದರೂ ಆಗ ಗೊತ್ತಾಗುತ್ತದೆ.

ಇದರ ತಮ್ಮಂದಿರೂ ಇದ್ದಾರೆ. ಕಮಾಂಡ್ ಓಡಿಸಿ, ನಡುವೆ ಒಂದು "ನೋಡುತ್ತಿದ್ದೇನೆ" ಅಂತ ಪ್ರಿಂಟ್ ಮಾಡಿ, ಆಮೇಲೆ $? ನೋಡಿದರೆ ಸಿಗುವುದು ಆ ಪ್ರಿಂಟಿನ ಕೋಡ್, ಅಂದರೆ 0. ಫಂಕ್ಷನ್ ಒಳಗೆ ಲೋಕಲ್ ಅಂತ ಹೇಳುವ ಸಾಲಿನಲ್ಲೇ ಡಾಲರ್ ಬ್ರಾಕೆಟ್ ಹಾಕಿ ಕಮಾಂಡ್ ಓಡಿಸಿದರೂ ಅಷ್ಟೆ, ಲೋಕಲ್‌ನ 0 ಬಂದು ನಿಜವಾದ ಕೋಡನ್ನು ಮುಚ್ಚಿಹಾಕುತ್ತದೆ. ಲೋಕಲ್ ಒಂದು ಸಾಲು, ಕಮಾಂಡ್ ಮುಂದಿನ ಸಾಲು, ತಕ್ಷಣದ ಸಾಲಿನಲ್ಲೇ $? ಅನ್ನು ಒಂದು ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಿ. ಈ ಕ್ರಮ ಬಿಡಬೇಡಿ.

ನಿಮ್ಮ ಸ್ಕ್ರಿಪ್ಟಿಗೆ ಬರೋಣ. ಸರ್ವಿಸ್ ನೋಡಲು ಸಿಸ್ಟಮ್‌ಸಿಟಿಎಲ್ ಈಸ್-ಆ್ಯಕ್ಟಿವ್ ಬಳಸುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಅದು ಒಂದು ಪದ ಹೇಳುತ್ತದೆ: ಆ್ಯಕ್ಟಿವ್, ಇನ್ಆ್ಯಕ್ಟಿವ್, ಫೇಲ್ಡ್, ಆ್ಯಕ್ಟಿವೇಟಿಂಗ್, ಹೀಗೆ. ಬಹಳ ಜನ ಇದನ್ನು ಪದ ಹುಡುಕುವ ಗ್ರೆಪ್‌ಗೆ ಕೊಟ್ಟು ಆ್ಯಕ್ಟಿವ್ ಸಿಕ್ಕಿದರೆ ಹಸಿರು ಅನ್ನುತ್ತಾರೆ. ಇನ್ಆ್ಯಕ್ಟಿವ್‌ನ ಹೊಟ್ಟೆಯಲ್ಲೂ ಆ್ಯಕ್ಟಿವ್ ಇದೆ ಅಲ್ವಾ? ನಿಂತುಹೋದ ಸರ್ವಿಸ್‌ಗೂ ಹಸಿರು! ಪೂರ್ತಿ ಪದಕ್ಕೆ ಪೂರ್ತಿ ಪದ ಹೋಲಿಸಿ. ಪದ ನೋಡಿ ದಾರಿ ಆರಿಸುವ ಕೇಸ್ ಬರೆಯುವಾಗ ಹಿಂದೆ ಮುಂದೆ ನಕ್ಷತ್ರ (ಏನಿದ್ದರೂ ಸರಿ ಅನ್ನುವ ಗುರುತು) ಹಾಕಬೇಡಿ. ಆ್ಯಕ್ಟಿವ್ ಮಾತ್ರ ಹಸಿರು. ಆ್ಯಕ್ಟಿವೇಟಿಂಗ್ ಹಳದಿ, ಬಿದ್ದು ಬಿದ್ದು ಏಳುತ್ತಿರುವ ಸರ್ವಿಸ್ ಕೂಡ ಹೆಚ್ಚಾಗಿ ಇದೇ ಪದ ತೋರಿಸುತ್ತದೆ. ಇನ್ಆ್ಯಕ್ಟಿವ್, ಫೇಲ್ಡ್ ಕೆಂಪು. ಕೊನೆಯಲ್ಲಿ ಬರೀ ನಕ್ಷತ್ರ, ಅಂದರೆ ಮಿಕ್ಕಿದ್ದೆಲ್ಲ, ಹಸಿರಾಗಬಾರದು. ಗೊತ್ತಿಲ್ಲದ್ದು ಗೊತ್ತಿಲ್ಲ ಅಂತಲೇ ತೋರಲಿ, ಅದಕ್ಕೆ ನೇರಳೆ.

ಈ ನೇರಳೆ ನಿಮಗೆ ದಿನಾ ಉಪಯೋಗಕ್ಕೆ ಬರುತ್ತದೆ. ಎಸ್‌ಎಸ್‌ಎಚ್ ಆ ಕಡೆಯ ಕಮಾಂಡಿನ ಎಕ್ಸಿಟ್ ಕೋಡನ್ನೇ ಈ ಕಡೆ ತಂದು ಕೊಡುತ್ತದೆ. ಆದರೆ ಅದಕ್ಕೇ ಏನಾದರೂ ತೊಡಕಾದರೆ, ನೆಟ್‌ವರ್ಕ್ ಇಲ್ಲ, ಕೀ ಒಪ್ಪಲಿಲ್ಲ, ಆಗ 255 ಕೊಡುತ್ತದೆ. 255 ಬಂದರೆ ಸರ್ವಿಸ್ ಸತ್ತಿದೆ ಅಂತಲ್ಲ, ನಾವು ನೋಡಲೇ ಇಲ್ಲ ಅಂತ. ಎರಡಕ್ಕೂ ಕೆಂಪು ಕೊಟ್ಟರೆ ಲಿಂಕ್ ಬಿದ್ದ ಬೆಳಿಗ್ಗೆ ನೀವು ಸರಿಯಾಗೇ ಇರುವ ಡೇಟಾಬೇಸನ್ನು ರೀಸ್ಟಾರ್ಟ್ ಮಾಡಲು ಓಡುತ್ತೀರಿ.

ಸರ್ವರ್‌ಗಳ ಮೇಲೆ ಕಣ್ಣಿಡುವ ನಾಗಿಯೋಸ್ ಅನ್ನುವ ಟೂಲ್‌ನ ಪ್ಲಗಿನ್‌ಗಳು ಇದಕ್ಕೊಂದು ಸೊಗಸಾದ ಎಣಿಕೆ ಇಟ್ಟುಕೊಂಡಿವೆ: 0 ಸರಿ, 1 ಎಚ್ಚರಿಕೆ, 2 ಕೆಟ್ಟಿದೆ, 3 ಗೊತ್ತಿಲ್ಲ. ಅದನ್ನೇ ಎರವಲು ತನ್ನಿ. ನಿಮ್ಮ ಪ್ರತಿ ಪರೀಕ್ಷೆಯೂ ಈ ನಾಲ್ಕರಲ್ಲಿ ಒಂದು ನಂಬರ್ ಮಾತ್ರ ಕೊಡಲಿ. ಬಣ್ಣದ ಸುದ್ದಿ ಅದಕ್ಕೆ ಬೇಡ. ನಂಬರ್‌ನಿಂದ ಬಣ್ಣ ಮತ್ತು ಪದ ಮಾಡುವುದು ಒಂದೇ ಒಂದು ಫಂಕ್ಷನ್, ನಾಲ್ಕು ಸಾಲಿನ ಒಂದು ಕೇಸ್. ನಾಳೆ ಹಳದಿ ಬದಲಿಸಬೇಕು ಅಂದರೆ ಒಂದೇ ಕಡೆ ಕೈಹಾಕಿದರೆ ಆಯಿತು. ಈ ಫಂಕ್ಷನ್ ನಿಮ್ಮ ಮೆಷಿನ್‌ನಲ್ಲೇ ಓಡಲಿ. ಆ ಕಡೆಯ ಸರ್ವರ್‌ನಲ್ಲಿ ಬಣ್ಣ ಹಚ್ಚಿ ಕಳಿಸಲು ಹೋದರೆ, ಅಲ್ಲಿ ಟರ್ಮಿನಲ್ ಇಲ್ಲದ ಕಾರಣ ಮೈನಸ್ ಟಿ ಪರೀಕ್ಷೆ ಇಲ್ಲ ಅನ್ನುತ್ತದೆ, ಮತ್ತೆ ಎಲ್ಲಾ ಬಿಳಿ.

ಡಿಸ್ಕ್ ಲೆಕ್ಕದಲ್ಲಿ ಎರಡು ಮಾತು. ಡಿಎಫ್ ಕೊಡುವುದು 87% ಅಂತ, ಬಾಲದ % ಕತ್ತರಿಸದೆ ನಂಬರ್ ಹೋಲಿಕೆಗೆ ಕೊಟ್ಟರೆ ಬ್ಯಾಶ್ ಎರರ್ ಕೊಡುತ್ತದೆ. ದೊಡ್ಡ ಮಿತಿಯನ್ನು ಮೊದಲು ನೋಡಿ: 90 ದಾಟಿದೆಯಾ, ಕೆಂಪು. ಇಲ್ಲವಾದರೆ 80 ದಾಟಿದೆಯಾ, ಹಳದಿ. ಉಲ್ಟಾ ಬರೆದರೆ 97ಕ್ಕೂ ಹಳದಿಯೇ.

ಕೆಲವೊಮ್ಮೆ ಎಲ್ಲಾ ಸಾಲೂ ನೇರಳೆಗೆ ತಿರುಗುತ್ತವೆ, ಕಣ್ಣಿಗೆ ಪದ ಸರಿಯಾಗೇ ಕಾಣುತ್ತಿರುತ್ತದೆ. ಸರ್ವರ್ ಪಟ್ಟಿಯನ್ನೋ ಸ್ಟೇಟಸ್ ಫೈಲನ್ನೋ ವಿಂಡೋಸ್‌ನಲ್ಲಿ ಎಕ್ಸೆಲ್‌ನಿಂದ ತೆಗೆದಿದ್ದರೆ ಪ್ರತಿ ಸಾಲಿನ ಬಾಲದಲ್ಲಿ ಕಾಣದ \ಆರ್ ಒಂದು ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಕೇಸ್‌ಗೆ ಬೇರೆ ಬೇರೆ. ಕ್ಯಾಟ್ ಮೈನಸ್ ದೊಡ್ಡ ಎ ಕೊಟ್ಟು ನೋಡಿ, ಸಾಲಿನ ಕೊನೆಯಲ್ಲಿ ಟೋಪಿ ಚಿಹ್ನೆ ಮತ್ತು ದೊಡ್ಡ ಎಂ ಕಂಡರೆ ಅದೇ ಕಳ್ಳ. ಟಿಆರ್ ಮೈನಸ್ ಡಿ ಹಾಕಿ, ಮುಂದೆ ಸಿಂಗಲ್ ಕೋಟ್‌ನಲ್ಲಿ '\ಆರ್' ಕೊಟ್ಟು ಒರೆಸಿ.

ಬಣ್ಣ ಆರಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 60 ಸಾಲಿನಲ್ಲಿ 57 ಹಸಿರು ಇದ್ದರೆ ಅದು ಗದ್ದೆ, ಪಟ್ಟಿ ಅಲ್ಲ. ಸರಿ ಇರುವ ಸಾಲಿಗೆ ಬಣ್ಣವೇ ಹಚ್ಚಬೇಡಿ ಅನ್ನುತ್ತೇನೆ, ಇಲ್ಲವೇ ಆ ಒಂದು ಪದಕ್ಕೆ ಮಾತ್ರ ಹಚ್ಚಿ. ಕೆಟ್ಟ ಸಾಲುಗಳನ್ನು ಎತ್ತಿಟ್ಟು ಎಲ್ಲಕ್ಕಿಂತ ಕೊನೆಗೆ ಪ್ರಿಂಟ್ ಮಾಡಿ, ಸ್ಕ್ರಿಪ್ಟ್ ಮುಗಿದಾಗ ಕಣ್ಣೆದುರು ಉಳಿಯುವುದು ಕೊನೆಯ ಸಾಲುಗಳೇ. ಹಳದಿಯನ್ನು ಬಿಳಿ ಹಿನ್ನೆಲೆಯಲ್ಲಿ ಓದಲು ಆಗುವುದಿಲ್ಲ. ಲಿನಕ್ಸ್‌ನ ಬೋಳು ಕನ್ಸೋಲ್‌ನಲ್ಲಿ 33 ಅಂದರೆ ಹಳದಿಯೂ ಅಲ್ಲ, ಕಂದು. ಅದರ ಮ್ಯಾನುವಲ್‌ನಲ್ಲೇ ಕಂದು ಅಂತ ಬರೆದಿದೆ. 256 ಬಣ್ಣ, ಕೋಟಿಗಟ್ಟಲೆ ಬಣ್ಣ ಎಲ್ಲಾ ಇವೆ, ನಿಮಗೆ ಬೇಡ.

ಮತ್ತೆ, ಪದವನ್ನು ತೆಗೆದು ಬರೀ ಬಣ್ಣದ ಚುಕ್ಕಿ ಇಡುವ ಶೋಕಿ ಮಾಡಬೇಡಿ. ಬಣ್ಣಗುರುಡಿನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಕೆಂಪು-ಹಸಿರಿನದೇ, ಗಂಡಸರಲ್ಲೇ ಜಾಸ್ತಿ. ನಿಮ್ಮ ರಜೆಯ ದಿನ ಈ ಪಟ್ಟಿ ನೋಡುವವರಿಗೆ ಎರಡೂ ಒಂದೇ ಮಣ್ಣಿನ ಬಣ್ಣವಾಗಿ ಕಾಣಬಹುದು.

ಸ್ಕ್ರಿಪ್ಟ್ ತಿದ್ದಲು ಇವತ್ತು ಪುರುಸೊತ್ತಿಲ್ಲ ಅಂದರೆ ಒಂದು ಕಳ್ಳದಾರಿ ಹೇಳುತ್ತೇನೆ. ಔಟ್‌ಪುಟ್ಟನ್ನು ಗ್ರೆಪ್ ಮೈನಸ್ ದೊಡ್ಡ ಇ ಗೆ ಪೈಪ್ ಮಾಡಿ, ಜೊತೆಗೆ ಎರಡು ಮೈನಸ್ ಕಲರ್ ಕೊಡಿ. ಹುಡುಕುವ ಪದವಾಗಿ, ಸಿಂಗಲ್ ಕೋಟ್ ಒಳಗೆ, ಫೇಲ್ಡ್, ನಡುವೆ ಒಂದು ನಿಂತ ಗೆರೆ, ಆಮೇಲೆ ಡಾಲರ್ ಚಿಹ್ನೆ. ಡಾಲರ್ ಅಂದರೆ ಸಾಲಿನ ಕೊನೆ, ಅದು ಪ್ರತಿ ಸಾಲಿಗೂ ಇದೆ. ಹಾಗಾಗಿ ಒಂದು ಸಾಲೂ ಬಿಟ್ಟುಹೋಗುವುದಿಲ್ಲ, ಫೇಲ್ಡ್ ಮಾತ್ರ ಕೆಂಪಾಗಿ ಎದ್ದು ಕಾಣುತ್ತದೆ. ನಾನು ಬೇರೆಯವರ ಸ್ಕ್ರಿಪ್ಟ್ ನೋಡುವಾಗ ಈಗಲೂ ಇದನ್ನೇ ಮಾಡುವುದು.

ನಿಮ್ಮ ಆ ಎರಡು ವಿಂಡೋಸ್ ಸರ್ವರ್: ಪವರ್‌ಶೆಲ್‌ನಲ್ಲಿ ಸಂಕೇತಗಳ ಗೋಜಿಲ್ಲ. ರೈಟ್-ಹೋಸ್ಟ್‌ಗೆ ಮೈನಸ್ ಫೋರ್‌ಗ್ರೌಂಡ್‌ಕಲರ್ ಕೊಟ್ಟು ಮುಂದೆ ರೆಡ್ ಅಂದರೆ ಕೆಂಪು. ಆದರೆ ಅಲ್ಲಿನ ತೊಂದರೆ ನಿಮ್ಮದರ ತದ್ವಿರುದ್ಧ. ರೈಟ್-ಹೋಸ್ಟ್ ಬರೆಯುವುದು ಸ್ಕ್ರೀನಿಗೆ. > ಚಿಹ್ನೆ ಹಾಕಿ ಫೈಲಿಗೆ ತಿರುಗಿಸಿದರೆ ಕಸ ಬರುವುದಿಲ್ಲ, ಏನೂ ಬರುವುದಿಲ್ಲ, ಖಾಲಿ ಫೈಲ್. ಗೆಟ್-ಸರ್ವಿಸ್‌ನಿಂದ ಬಂದ ಸ್ಟೇಟಸ್ಸನ್ನು ಮೊದಲು ವೇರಿಯಬಲ್‌ನಲ್ಲಿ ಹಿಡಿಯಿರಿ, ಅದನ್ನೇ ಲಾಗ್‌ಗೆ ಬರೆಯಿರಿ, ಬಣ್ಣದ ಸಾಲನ್ನು ಬೇರೆಯಾಗಿ ಸ್ಕ್ರೀನಿಗೆ ಹಾಕಿ.